ಗೋಚಾರಣವೂ ಹಸಿರುಮನೆ ಅನಿಲಗಳೂ

ಹುಲ್ಲುಗಾವಲುಗಳಲ್ಲಿ ದನಗಳನ್ನು ಮೇಯಿಸುವುದರಿಂದ ಭೂತಾಪವನ್ನು ಹೆಚ್ಚಿಸತಕ್ಕ ಅನಿಲಗಳು ಎಷ್ಟರಮಟ್ಟಿಗೆ ವಾಯುಮಂಡಲವನ್ನು ಸೇರುತ್ತವೆ, ಮೇದ ನೆಲವು ತನ್ನ ಗರ್ಭದಲ್ಲಿ ಇಂಗಾಲವನ್ನು ಕೂಡಿಟ್ಟುಕೊಂಡು ಅದಕ್ಕೆ ಎಷ್ಟು ಪರಿಹಾರವನ್ನು ಒದಗಿಸಬಲ್ಲುದು ಎಂಬ ವಿಚಾರ. ಈ ಅನಿಲಗಳಲ್ಲಿ ಪ್ರಧಾನವಾದುದು ಮೀಥೇನ್. ಮೂತ್ರ ಬಿದ್ದ ಮಣ್ಣಿನಿಂದ ನೈಟ್ರಸ್ ಆಕ್ಸೈಡೂ, ಅಮೆಜಾನ್ ಪ್ರದೇಶದಲ್ಲಿ ನಡೆದಿರುವಂತೆ ಕಾಡನ್ನು ಕಡಿದು ಸುಟ್ಟು ಹುಲ್ಲುಗಾವಲು ಮಾಡಿದೆಡೆ ಅಪಾರವಾದ ಇಂಗಾಲದ ಡೈಆಕ್ಸೈಡೂ ಇದಕ್ಕೆ ಸೇರುತ್ತವೆ.

ಮೇದು ಬಂದ ಹಸು ಮರದ ನೆರಳಿನಲ್ಲಿ ಮಲಗಿ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿರುವಾಗ ಅದರ ಕೊರಳನ್ನು ದಿಟ್ಟಿಸಿದರೆ, ನುಂಗಿದ ಮೇವಿನ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ ಏರಿ ಬಾಯನ್ನು ಸೇರುವುದು ಕಾಣುತ್ತದೆ. ಆ ಮೆಲುಕಿನ ನಡುನಡುವೆ ಬರುವ ತೇಗೇ ಮೀಥೇನ್ ಹೊರಬೀಳುವ ಮುಖ್ಯ ಮಾರ್ಗ. ನಾರಿನಿಂದ ಕೂಡಿದ ಹುಲ್ಲನ್ನು ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹುದುಗಿಸಿ ಕರಗಿಸುವಾಗ ಹುಟ್ಟುವ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೀಥೇನಾಗಿ ಮಾರ್ಪಡಿಸುವ ಜೀವಿಗಳೂ ಅಲ್ಲಿಯೇ ವಾಸಿಸುತ್ತವೆ. ಮನುಷ್ಯನಿಗೆ ಜೀರ್ಣವಾಗದ ಹುಲ್ಲು ಹಾಲಾಗುವುದು ಈ ಹುದುಗುವಿಕೆಯಿಂದಲೇ ಆದುದರಿಂದ ಇದನ್ನು ಪಶುವಿನ ದೋಷವೆಂದು ಎಣಿಸುವುದು ನ್ಯಾಯವಲ್ಲ. ಬಯಲಿನಲ್ಲಿ ಬಿದ್ದ ಸಗಣಿ ಗಾಳಿಗೂ ಬಿಸಿಲಿಗೂ ಬೇಗನೆ ಒಣಗುವುದರಿಂದ ಅದರ ಮೀಥೇನ್ ಅತ್ಯಲ್ಪ. ನೀರು ಬೆರೆಸಿ ಹೊಂಡದಲ್ಲಿ ನಿಲ್ಲಿಸಿದ ಸಗಣಿಯದು ಅಧಿಕ.

ನೂರು ವರ್ಷಗಳ ಗಣನೆಯಲ್ಲಿ ಮೀಥೇನಿನ ತಾಪಕಾರಕ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು. ಆದರೆ ಅದು ವಾಯುಮಂಡಲದಲ್ಲಿ ಉಳಿಯುವುದು ಹೆಚ್ಚುಕಡಿಮೆ 12 ವರ್ಷ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿಯು ಭಾರತ ಉಪಖಂಡದ ಕರೆಯುವ ಹಸುವೊಂದಕ್ಕೆ ವರ್ಷಕ್ಕೆ 58 ಕಿಲೋಗ್ರಾಂ ಮೀಥೇನನ್ನೂ 900 ಕಿಲೋಗ್ರಾಂ ಹಾಲನ್ನೂ, ಉತ್ತರ ಅಮೆರಿಕದ ಹಸುವಿಗೆ 128 ಕಿಲೋಗ್ರಾಂ ಮೀಥೇನನ್ನೂ 8,400 ಕಿಲೋಗ್ರಾಂ ಹಾಲನ್ನೂ ಲೆಕ್ಕ ಹಿಡಿದಿದೆ. ತಲೆಯ ಲೆಕ್ಕದಲ್ಲಿ ನಮ್ಮ ಹಸುವಿನ ಅನಿಲ ಅರ್ಧಕ್ಕಿಂತ ಕಡಮೆ, ಹಾಲಿನ ಲೆಕ್ಕದಲ್ಲಿ ನಾಲ್ಕು ಪಟ್ಟಿಗೂ ಮಿಗಿಲು. ಆದರೆ ಗೊಬ್ಬರ, ಉಳುಮೆ, ಬಂಡಿ ಎಲ್ಲಕ್ಕೂ ಒದಗುತ್ತ ಬಂದ ಪಶುವನ್ನು ಹಾಲೊಂದರಿಂದಲೇ ಅಳೆಯುವ ಈ ಎರಡನೆಯ ಲೆಕ್ಕ ಅಪೂರ್ಣವೆಂದೇ ಹೇಳಬೇಕು.

ಹದವರಿತು ಮೇಯಿಸಿದ ಹುಲ್ಲು ಮತ್ತೆ ಮತ್ತೆ ಚಿಗುರಿ, ಅದರ ಬೇರುಗಳು ಮಣ್ಣಿನಲ್ಲಿ ಇಂಗಾಲವನ್ನು ಸೇರಿಸುತ್ತವೆಂಬುದು ನಿಜ. ಅತಿಯಾಗಿ ಮೇಯಿಸಿದರೆ ನೆಲ ಬರಿದಾಗಿ, ಕೂಡಿದ್ದುದೂ ಕೊಚ್ಚಿಹೋಗುತ್ತದೆ. ಆಕ್ಸ್‌ಫರ್ಡಿನಿಂದ 2017ರಲ್ಲಿ ಹೊರಟ ವರದಿಯೊಂದು, ಅನುಕೂಲ ಸನ್ನಿವೇಶದಲ್ಲಿಯೂ ಈ ಸಂಚಯವು ಮೇಯುವ ಪಶುಗಳಿಂದಾಗುವ ಉತ್ಸರ್ಜನದ ಶೇ. 20ರಿಂದ 60ರಷ್ಟನ್ನು ಮಾತ್ರ ಸರಿದೂಗಿಸಬಲ್ಲುದೆಂದು ನಿರ್ಣಯಿಸಿತು. ಅಲ್ಲದೆ ಕೆಲವು ದಶಕಗಳಲ್ಲಿ ಮಣ್ಣು ತುಂಬಿಕೊಂಡು ಸಂಚಯ ನಿಲ್ಲುತ್ತದೆ, ಪಶುವಿನ ತೇಗು ನಿಲ್ಲುವುದಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯೇ ಮೊದಲಾದೆಡೆ ಮೀಥೇನನ್ನು ತಗ್ಗಿಸುವ ಪೂರಕ ಆಹಾರಗಳ ಸಂಶೋಧನೆ ನಡೆದಿದೆ. ಕೊಟ್ಟಿಗೆಯಲ್ಲಿ ಹಿಂಡಿಯೊಡನೆ ಇವನ್ನು ತಿನ್ನಿಸುವುದು ಸುಲಭ. ಹಗಲೆಲ್ಲ ಬಯಲಿನಲ್ಲಿರುವ ದನಕ್ಕೆ ದುಸ್ಸಾಧ್ಯ. ಅಲ್ಲಿ ಸಾಧ್ಯವಿರುವುದು ಹುಲ್ಲಿನ ರಕ್ಷಣೆ. ಮೈಸೂರು ಸಂಸ್ಥಾನದ ಬೆಣ್ಣೆ ಚಾವಡಿ, ಅಂದರೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರನ್ನು ಪಡೆದ ಇಲಾಖೆಯು, ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಸೀಮೆಗಳ ತನ್ನ ಕಾವಲುಗಳನ್ನು, ಎಂದರೆ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳನ್ನು, ಬೇಸಗೆ, ಮಳೆಗಾಲ, ಚಳಿಗಾಲಗಳಿಗೆಂದು ವಿಂಗಡಿಸಿ, ದನವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತ ಹುಲ್ಲಿಗೆ ವಿಶ್ರಾಂತಿ ದೊರಕಿಸುತ್ತಿತ್ತು. ಆ ಕಾವಲುಗಳ ಬಹುಭಾಗ ಇಂದು ಸಾಗುವಳಿಗೂ ನೆಡುತೋಪುಗಳಿಗೂ ಇತರ ಉಪಯೋಗಗಳಿಗೂ ಹಂಚಿಹೋಗಿದೆ. ತಲೆಮಾರುಗಳಿಂದ ಹುಲ್ಲು ಬೆಳೆದ ನೆಲಕ್ಕೆ ನೇಗಿಲು ತಗುಲಿದೊಡನೆ ಅದರಲ್ಲಿ ಅಡಗಿದ್ದ ಇಂಗಾಲದ ಗಣನೀಯ ಭಾಗವು ಕೆಲವೇ ವರ್ಷಗಳಲ್ಲಿ ಗಾಳಿಗೆ ಸೇರಿ, ಮತ್ತೆ ಕೂಡಲು ದಶಕಗಳು ಹಿಡಿಯುತ್ತವೆಯಾಗಿ, ಅನಿಲಗಳ ಲೆಕ್ಕದಲ್ಲಿ ಉಳಿದಿರುವ ಕಾವಲುಗಳನ್ನು ಉಳದೆ ಬಿಡುವುದು ಹೊಸದಾಗಿ ಇಂಗಾಲವನ್ನು ಕೂಡಿಸುವ ಯತ್ನಕ್ಕಿಂತ ಮೊದಲು ಆಗಬೇಕಾದ ಕಾರ್ಯ.