ಅರಮನೆಯ ತೋಟದಲ್ಲಿ

ಭದ್ರಾವತಿಯಿಂದ ನೆಂಟರು ಬಂದರೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ತೋರಿಸುವುದು ನಮ್ಮ ಮನೆಯ ವಾಡಿಕೆ. ಹೆಸರು 1645ರಿಂದ 1660ರವರೆಗೆ ಆಳಿದ ಕೆಳದಿಯ ಅರಸನದು. ಕಟ್ಟಡ ಮಾತ್ರ ಹೈದರಾಲಿಯ ಕಾಲದ್ದೆನ್ನುತ್ತಾರೆ ತಿಳಿದವರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದದ್ದು ರಾಣಿ ವೀರಮ್ಮಾಜಿಯಿಂದ. ಅವಳ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲ.

ಬಂದವರು ಮರದ ಕಂಬಗಳಿಗೆ ತಲೆದೂಗುತ್ತಾರೆ. ನನ್ನ ಕಾಲು ಎಳೆಯುವುದು ತೋಟಕ್ಕೆ. ವಸ್ತುಸಂಗ್ರಹಾಲಯದವರು ಅಲ್ಲಿ ನಿಲ್ಲಿಸಿದ ವೀರಗಲ್ಲುಗಳ ನಡುವೆ ಮಾಸ್ತಿಕಲ್ಲುಗಳೂ ಇವೆ, ಗಂಡನ ಚಿತೆಯೇರಿದವಳ ನೆನಪಿಗೆ ನೆಟ್ಟವು. ಇಂಥ ಕಲ್ಲಿನ ಗುರುತು ಕಂಬದಿಂದ ಹೊರಚಾಚಿ ಮೇಲೆತ್ತಿದ ಬಲಗೈ, ಅದರ ತುಂಬ ಬಳೆ. ಹಳ್ಳಿಗಳಲ್ಲಿ ಇದಕ್ಕೆ ಅರಿಶಿನ ಕುಂಕುಮ ಏರಿಸುವುದುಂಟು. ನನ್ನ ಕೈ ಮುಗಿಯುತ್ತದೆ, ಮನಸ್ಸು ಮಾತ್ರ ಒಪ್ಪುವುದಿಲ್ಲ. ಅವಳನ್ನು ಯಾರಾದರೂ ಕೇಳಿದ್ದರೇ? ಶಿಲ್ಪಿಗೆ ಅವಳ ಬಳೆ ನೆನಪಿತ್ತು, ಮುಖ ಬೇಕಾಗಿರಲಿಲ್ಲ.