ನಗುವ ಹೆಣ, ನಗಲೊಲ್ಲದ ಸೆನೆಟ್

1954ರ ಏಪ್ರಿಲ್ 21. ನ್ಯೂಯಾರ್ಕ್‌ನ ಫೋಲಿ ಸ್ಕ್ವೇರ್‌ನಲ್ಲಿರುವ ನ್ಯಾಯಾಲಯದ ಕಟ್ಟಡ. ಅಮೆರಿಕದ ಸೆನೆಟ್‌ನ ಉಪಸಮಿತಿಯೊಂದು ವಿಚಾರಣೆಗೆ ಕೂತಿದೆ. ವಿಷಯ ಏನು ಅಂದ್ಕೊಂಡ್ರಿ? ಅಣುಬಾಂಬ್ ಅಲ್ಲ, ರಷ್ಯಾದ ಗೂಢಚಾರರೂ ಅಲ್ಲ. ಹತ್ತು ಸೆಂಟಿಗೆ ಸಿಗುವ ಕಾಮಿಕ್ ಪುಸ್ತಕ!

ಸೆನೆಟರ್ ಎಸ್ಟಿಸ್ ಕೀಫಾವರ್ ಒಂದು ಪುಸ್ತಕ ಎತ್ತಿ ಹಿಡಿಯುತ್ತಾರೆ. ಮುಖಪುಟದಲ್ಲಿ ಒಬ್ಬ ಗಂಡಸು. ಒಂದು ಕೈಯಲ್ಲಿ ರಕ್ತ ಮೆತ್ತಿದ ಕೊಡಲಿ, ಇನ್ನೊಂದು ಕೈಯಲ್ಲಿ ಕೂದಲು ಹಿಡಿದು ಎತ್ತಿರುವ ಹೆಂಗಸಿನ ತಲೆ. ಇದು ಸದಭಿರುಚಿಯೇ ಅಂತ ಸೆನೆಟರ್ ಕೇಳ್ತಾರೆ. ಎದುರಿಗೆ ಕೂತಿದ್ದ 32 ವರ್ಷದ ಪ್ರಕಾಶಕ ವಿಲಿಯಂ ಗೇನ್ಸ್ ಹೇಳ್ತಾನೆ: ಹೌದು ಸಾರ್, ಭಯಾನಕ ಕಾಮಿಕ್ಕಿನ ಮುಖಪುಟ ಅನ್ನೋ ಲೆಕ್ಕದಲ್ಲಿ ಸದಭಿರುಚಿಯೇ. ತಲೆಯನ್ನ ಇನ್ನೂ ಸ್ವಲ್ಪ ಮೇಲೆತ್ತಿ, ಕುತ್ತಿಗೆಯಿಂದ ರಕ್ತ ತೊಟ್ಟಿಕ್ಕೋದನ್ನ ತೋರಿಸಿದ್ದರೆ ಅದು ಕೆಟ್ಟ ಅಭಿರುಚಿ ಆಗ್ತಿತ್ತು. ಬಾಯಿಂದ ರಕ್ತ ಬರ್ತಿದೆಯಲ್ಲಪ್ಪಾ ಅಂತ ಸೆನೆಟರ್ ಅಂದ್ರೆ, ಸ್ವಲ್ಪ ಬರ್ತಿದೆ ಅಂತ ಇವನ ಉತ್ತರ.

ಇದು ಹಾಸ್ಯನಾಟಕ ಅಂದ್ಕೋಬೇಡಿ. ಸೆನೆಟ್ ದಾಖಲೆಯಲ್ಲಿ ಇರುವ ಮಾತುಕತೆ. ಮರುದಿನ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲೇ ಗೇನ್ಸ್ ಸುದ್ದಿ. ಒಂದೇ ವರ್ಷದೊಳಗೆ ಅವನ ಭಯಾನಕ ಪುಸ್ತಕಗಳೆಲ್ಲ ಬಾಗಿಲು ಹಾಕಿದವು.

ಈಗ 35 ವರ್ಷ ಮುಂದಕ್ಕೆ ಬನ್ನಿ. 1989ರ ಜೂನ್ 10. ಅಮೆರಿಕದ ಎಚ್‌ಬಿಓ ಚಾನೆಲ್‌ನಲ್ಲಿ ಒಂದು ಧಾರಾವಾಹಿ ಶುರುವಾಗುತ್ತೆ. ಹಳೆಯ ಬಂಗಲೆಯ ಗೇಟು ತೆರೆದುಕೊಳ್ಳುತ್ತೆ. ಕ್ಯಾಮೆರಾ ಒಳಗೆ ನುಗ್ಗಿ, ಮೆಟ್ಟಿಲಿಳಿದು, ನೆಲಮಾಳಿಗೆಗೆ ಹೋಗುತ್ತೆ. ಶವಪೆಟ್ಟಿಗೆಯ ಮುಚ್ಚಳ ಹಾರುತ್ತೆ. ಒಳಗಿಂದ ಕೊಳೆತ ಹೆಣವೊಂದು ಎದ್ದು ಕೂತು ಕಿಸಕಿಸ ನಗುತ್ತೆ. ಹಿನ್ನೆಲೆಯಲ್ಲಿ ಡ್ಯಾನಿ ಎಲ್ಫ್‌ಮನ್ ಸಂಗೀತ. ಹೆಸರು ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’. ಸೆನೆಟ್ ಮುಂದೆ ಸಾಕ್ಷಿ ಹೇಳಿದ್ದ ಅದೇ ಪ್ರಕಾಶಕನ ಪುಸ್ತಕವೊಂದರ ಹೆಸರು!

ಮಣ್ಣು ಮಾಡಿದ್ದು ಎದ್ದು ಬಂದಿದ್ದು ಹೇಗೆ? ಅದನ್ನ ತಿಳ್ಕೋಬೇಕು ಅಂದ್ರೆ ಈ ಸರಣಿಯ ಡಿವಿಡಿಗಳನ್ನ ಇವತ್ತು ಮತ್ತೆ ಹಾಕಿ ನೋಡಬೇಕು. ಜೊತೆಗೆ ಸ್ವಲ್ಪ ಇತಿಹಾಸವನ್ನೂ ಕೆದಕಬೇಕು.

ಗೇನ್ಸ್‌ನ ಅಪ್ಪ ಮ್ಯಾಕ್ಸ್ ಗೇನ್ಸ್ ಬೈಬಲ್ ಕಥೆಗಳ ಚಿತ್ರಪುಸ್ತಕ ತರುತ್ತಿದ್ದವರು. ಕಂಪನಿಯ ಹೆಸರು ಎಜುಕೇಶನಲ್ ಕಾಮಿಕ್ಸ್. 1947ರಲ್ಲಿ ದೋಣಿ ಅಪಘಾತದಲ್ಲಿ ಅಪ್ಪ ತೀರಿಕೊಂಡ್ರು. ರಸಾಯನಶಾಸ್ತ್ರದ ಮೇಷ್ಟ್ರಾಗಬೇಕು ಅಂತಿದ್ದ ಮಗನ ತಲೆ ಮೇಲೆ ಕಂಪನಿ ಬಿತ್ತು. ಅವನು ‘ಎಜುಕೇಶನಲ್’ ತೆಗೆದು ‘ಎಂಟರ್‌ಟೇನಿಂಗ್’ ಅಂತ ಹಾಕಿದ. 1950ರಲ್ಲಿ ಸಂಪಾದಕ ಆಲ್ ಫೆಲ್ಡ್‌ಸ್ಟೀನ್ ಜೊತೆ ಸೇರಿ ಮೂರು ಭಯಾನಕ ಪತ್ರಿಕೆ ಶುರುಮಾಡಿದ. ಮೂರಕ್ಕೂ ಒಬ್ಬೊಬ್ಬ ನಿರೂಪಕ: ಕ್ರಿಪ್ಟ್ ಕೀಪರ್, ವಾಲ್ಟ್ ಕೀಪರ್, ಮುದಿ ಮಾಟಗಾತಿ.

ಈ ನಿರೂಪಕರೇ ಗುಟ್ಟು. ನಮಗೆ ಇದು ಹೊಸದೇನಲ್ಲ. ಚಂದಮಾಮ ಓದಿದವರಿಗೆ ಬೇತಾಳ ಗೊತ್ತು. ಹೆಣದೊಳಗೆ ಕೂತೇ ಕಥೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಎಸೆದು, ಮತ್ತೆ ಮರ ಹತ್ತುತ್ತಿದ್ದ. ಕ್ರಿಪ್ಟ್ ಕೀಪರ್ ಪ್ರಶ್ನೆ ಕೇಳಲ್ಲ, ಜೋಕು ಹೊಡೀತಾನೆ. ಸಾವು, ಗೋರಿ, ಹುಳ, ಮೂಳೆ ಎಲ್ಲದರ ಮೇಲೂ ಶ್ಲೇಷೆ. ಕಥೆಗೆ ಮೊದಲು ಒಂದು ಕೆಟ್ಟ ಜೋಕು, ಮುಗಿದ ಮೇಲೆ ಇನ್ನೊಂದು. ಅರ್ಥ ಇಷ್ಟೇ: ಮಗಾ, ಇದು ಕಥೆ ಕಣೋ. ಹೆದರ್ಕೋ, ಆಮೇಲೆ ನಕ್ಕು ಮಲಕ್ಕೋ.

ಇದನ್ನ ಒಪ್ಪದವರು ಡಾ. ಫ್ರೆಡ್ರಿಕ್ ವರ್ಥಮ್. ದೊಡ್ಡ ಮನೋವೈದ್ಯರು. ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ಕ್ಲಿನಿಕ್ ನಡೆಸಿದವರು. ಶಾಲೆಗಳಲ್ಲಿನ ವರ್ಣಭೇದ ಮಕ್ಕಳಿಗೆ ಮಾಡುವ ಹಾನಿಯ ಬಗ್ಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು. ಹಾಗಾಗಿ ಖಳನಾಯಕ ಅಂತ ಸುಮ್ಮನೆ ತಳ್ಳಿಹಾಕೋ ಆಸಾಮಿ ಅಲ್ಲ. ಆದರೆ ಮಕ್ಕಳು ಕೆಡೋದಕ್ಕೆ ಕಾಮಿಕ್ಸೇ ಕಾರಣ ಅಂತ ಅವರು ತೀರ್ಮಾನಿಸಿಬಿಟ್ಟಿದ್ದರು. 1954ರಲ್ಲೇ ಅವರ ‘ಸೆಡಕ್ಷನ್ ಆಫ್ ದಿ ಇನ್ನೋಸೆಂಟ್’ ಪುಸ್ತಕ ಬಂತು.

ಆ ವಿಚಾರಣೆಯಲ್ಲಿ ಗೇನ್ಸ್‌ಗಿಂತ ಮುಂಚೆ ಸಾಕ್ಷಿ ಹೇಳಿದ್ದು ಇದೇ ಡಾಕ್ಟರು. ಇವನ ಕಾಮಿಕ್ಸ್ ಜನಾಂಗದ್ವೇಷ ಕಲಿಸುತ್ತೆ ಅಂದ್ರು. ಒಂದು ಕಥೆಯಲ್ಲಿ ಮೆಕ್ಸಿಕೋ ಮೂಲದವರನ್ನ ಹೀಯಾಳಿಸೋ ಪದ ಮತ್ತೆ ಮತ್ತೆ ಬರುತ್ತೆ ಅಂದ್ರು. ನಿಜ, ಬರುತ್ತೆ. ಆದರೆ ಕಥೆ ಏನು? ಮಗಳು ಮೆಕ್ಸಿಕನ್ ಹುಡುಗನನ್ನ ಪ್ರೀತಿಸ್ತಾಳೆ ಅಂತ ಅಪ್ಪನೊಬ್ಬ ಊರವರನ್ನ ಎತ್ತಿಕಟ್ಟುತ್ತಾನೆ. ಮುಸುಕು ಹಾಕಿಕೊಂಡು ಕತ್ತಲಲ್ಲಿ ನುಗ್ಗಿ ಚಾಟಿಯಲ್ಲಿ ಹೊಡೀತಾರೆ. ಬೆಳಕು ಬಿಟ್ಟು ನೋಡಿದರೆ ಸತ್ತುಬಿದ್ದಿರೋದು ಸ್ವಂತ ಮಗಳು! ದ್ವೇಷಕ್ಕೆ ಕಪಾಳಮೋಕ್ಷ ಮಾಡೋ ಕಥೆಯಿಂದ ಒಂದು ಪದ ಕಿತ್ತು ತಂದು, ನೋಡಿ ದ್ವೇಷ ಅಂತ ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕ್ಲಿಪ್ ಕತ್ತರಿಸಿದರು. ಎರಡು ಗಂಟೆಯ ಭಾಷಣದಿಂದ ಹತ್ತು ಸೆಕೆಂಡ್ ತೆಗೆದು ದಿನವಿಡೀ ಓಡಿಸೋ ವಿದ್ಯೆ ನಮ್ಮ ಕಾಲದ್ದಲ್ಲ ಸ್ವಾಮಿ, ಅದಕ್ಕೆ ವಯಸ್ಸಾಗಿದೆ.

ಗೇನ್ಸ್ ಇದಕ್ಕೆ ಉತ್ತರ ಕೊಟ್ಟ. ಯಾರು ಕೇಳಿಸ್ಕೊಂಡ್ರು? ತಾನಾಗೇ ಮುಂದೆ ಬಂದು ಸಾಕ್ಷಿ ಹೇಳಿದವನು ಅವನು. ತೂಕ ಇಳಿಸೋ ಮಾತ್ರೆ ನುಂಗಿ ಬಂದಿದ್ದ. ಅದರ ಉತ್ಸಾಹ ಮಧ್ಯದಲ್ಲೇ ಇಳಿದುಹೋಯ್ತು. ಬೆವೆತು ಕೂತಿದ್ದ ಮನುಷ್ಯ ಮತ್ತು ರಕ್ತದ ಮುಖಪುಟ, ಜನರಿಗೆ ಅಷ್ಟೇ ಉಳಿಯಿತು. ಪ್ರಶ್ನೆ ಕೇಳಿದ ಕೀಫಾವರ್ ಸಾಹೇಬರ ಹಿನ್ನೆಲೆಯೂ ನೆನಪಿರಲಿ. 1950-51ರಲ್ಲಿ ಸಂಘಟಿತ ಅಪರಾಧದ ಬಗ್ಗೆ ಅವರು ನಡೆಸಿದ ವಿಚಾರಣೆ ಟಿವಿಯಲ್ಲಿ ಪ್ರಸಾರವಾಗಿ, ಅವರು ಮನೆಮಾತಾಗಿದ್ದರು. 1952ರಲ್ಲಿ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯಾಗಲೂ ಯತ್ನಿಸಿದ್ದರು. ಭಯವನ್ನ ಕ್ಯಾಮೆರಾ ಮುಂದೆ ಎತ್ತಿ ಹಿಡಿದರೆ ಏನಾಗುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸರ್ಕಾರ ಕಾನೂನು ಮಾಡಲಿಲ್ಲ. ಹೆದರಿದ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಅಂತ ಮಾಡಿಕೊಂಡ್ರು. ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಪದ ಕೂಡದು. ರಕ್ತಪಿಶಾಚಿ, ನಡೆದಾಡುವ ಹೆಣ ಕೂಡದು. 1955ರ ಆರಂಭದಲ್ಲಿ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ 46ನೇ ಸಂಚಿಕೆಗೆ ನಿಂತಿತು. ಮರುವರ್ಷ ಗೇನ್ಸ್ ವರ್ಣಭೇದದ ವಿರುದ್ಧದ ಒಂದು ಕಥೆಯನ್ನ ಮರುಮುದ್ರಿಸಲು ಹೊರಟಾಗ ಕೋಡಿನವರ ತಕರಾರು ಏನು ಗೊತ್ತಾ? ಗಗನಯಾತ್ರಿ ಕಪ್ಪು ಮನುಷ್ಯ ಆಗಬಾರದು! ಮಕ್ಕಳ ರಕ್ಷಣೆ ಅಂತ ಶುರುವಾಗಿದ್ದು ಎಲ್ಲಿಗೆ ಬಂದು ನಿಂತಿತು ನೋಡಿ. ಗೇನ್ಸ್ ಬಗ್ಗಲಿಲ್ಲ. ಕಥೆಯನ್ನ ಹಾಗೇ ಅಚ್ಚು ಹಾಕಿದ. ಆಮೇಲೆ ಕಾಮಿಕ್ಸ್ ಸಹವಾಸವೇ ಬೇಡ ಅಂತ ಅದಾಗಲೇ ಮ್ಯಾಗಝಿನ್ ರೂಪಕ್ಕೆ ಬದಲಿಸಿದ್ದ ‘ಮ್ಯಾಡ್’ ಒಂದನ್ನೇ ನಡೆಸಿದ. ಮ್ಯಾಗಝಿನ್‌ಗೆ ಕೋಡ್ ಅನ್ವಯಿಸುತ್ತಿರಲಿಲ್ಲ.

ವರ್ಥಮ್ ಅವರ ಖಾಸಗಿ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ಮುಕ್ತವಾದವು. ಕರೋಲ್ ಟಿಲ್ಲಿ ಎಂಬ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ ಅವನ್ನ ಪುಸ್ತಕದ ಜೊತೆ ಹೋಲಿಸಿ ನೋಡಿದರು. ಮಕ್ಕಳ ಹೇಳಿಕೆಗಳನ್ನ, ವಯಸ್ಸನ್ನ, ಹಿನ್ನೆಲೆಯನ್ನ ಡಾಕ್ಟರು ತಮಗೆ ಬೇಕಾದಂತೆ ತಿದ್ದಿದ್ದು ಬಯಲಾಯ್ತು. ಅಷ್ಟು ಹೊತ್ತಿಗೆ ಅರ್ಧ ಶತಮಾನ ಕಳೆದುಹೋಗಿತ್ತು.

ಈಗ ಧಾರಾವಾಹಿಗೆ ಬರೋಣ. ರಿಚರ್ಡ್ ಡಾನರ್, ವಾಲ್ಟರ್ ಹಿಲ್, ರಾಬರ್ಟ್ ಜೆಮೆಕಿಸ್, ಜೋಯಲ್ ಸಿಲ್ವರ್, ಡೇವಿಡ್ ಗೈಲರ್. ಹಾಲಿವುಡ್‌ನ ಐದು ತಲೆಗಳು ಸೇರಿ ಇದನ್ನ ಎಚ್‌ಬಿಓಗೆ ಒಯ್ದರು. ಅಲ್ಲಿಗೇ ಯಾಕೆ? ಅದು ಚಂದಾ ಚಾನೆಲ್. ನೋಡುಗರು ದುಡ್ಡು ಕೊಟ್ಟು ನೋಡ್ತಾರೆ, ಜಾಹೀರಾತು ಇಲ್ಲ. ರಕ್ತ ಕಂಡರೆ ನಮ್ಮ ಸೋಪು ಯಾರು ಕೊಳ್ತಾರೆ ಅಂತ ಕೇಳೋ ಕಂಪನಿಯೇ ಇಲ್ಲ. ಏಳು ಸೀಸನ್, 93 ಕಂತು, 1996ರವರೆಗೆ ನಡೀತು. ಅರ್ನಾಲ್ಡ್ ಶ್ವಾರ್ಜೆನೆಗರ್, ಟಾಮ್ ಹ್ಯಾಂಕ್ಸ್ ಅಂಥವರೂ ಒಂದೊಂದು ಕಂತು ನಿರ್ದೇಶಿಸಿದರು. ಕ್ರಿಪ್ಟ್ ಕೀಪರ್ ಬೊಂಬೆ ಕೆವಿನ್ ಯೇಗರ್ ಕೈಚಳಕ, ದನಿ ಜಾನ್ ಕಸೀರ್ ಅವರದು. ಎಂಜಿನಿಯರಿಂಗ್ ಓದಿದವನಿಗೆ ಆ ಬೊಂಬೆಯ ತುಟಿ, ಹುಬ್ಬಿನ ಚಲನೆ ನೋಡೋದೇ ಒಂದು ಹಬ್ಬ. ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ ಅದು, ಬೊಂಬೆಯಾಡಿಸುವವರ ಬೆವರು.

ಡಿವಿಡಿಯಲ್ಲಿ ಸಾಲಾಗಿ ನೋಡಿದಾಗ ದೋಷಗಳೂ ಕಾಣುತ್ತವೆ. ಒಂದೇ ರಾತ್ರಿ ನಾಲ್ಕು ಕಂತು ನೋಡಿದರೆ ಶ್ಲೇಷೆ ಸಾಕಪ್ಪಾ ಅನ್ನಿಸುತ್ತೆ. ದುರಾಸೆಯ ಹೆಂಡತಿ, ಕಳ್ಳ ಗಂಡ, ಕೊನೆಗೆ ತಕ್ಕ ಶಾಸ್ತಿ, ಇದೇ ಅಚ್ಚು. ಕೊನೆಯ ಸೀಸನ್ ಹೊತ್ತಿಗೆ ಸರಕು ತೆಳುವಾಗಿದೆ. ಚಿತ್ರ ಹಳೆಯ ಟಿವಿಯ ಚೌಕಾಕಾರದ್ದು, ಈಗಿನ ಪರದೆಯ ಎರಡೂ ಕಡೆ ಕಪ್ಪು ಪಟ್ಟಿ. ಆದರೂ ಒಳ್ಳೆಯ ಕಂತುಗಳು ಇವತ್ತಿಗೂ ಚುಚ್ಚುತ್ತವೆ.

ಜೆಮೆಕಿಸ್ ಮಾಡಿದ ‘ಅಂಡ್ ಆಲ್ ಥ್ರೂ ದಿ ಹೌಸ್’ ನೋಡಿ. ಜಾನಿ ಕ್ರೇಗ್ ಚಿತ್ರಿಸಿದ್ದ ಕಾಮಿಕ್ ಕಥೆ ಅದು. 1972ರ ಬ್ರಿಟಿಷ್ ಸಿನಿಮಾದಲ್ಲೂ ಬಂದಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಬ್ಬಳು ಗಂಡನನ್ನ ಕೊಲ್ತಾಳೆ. ಅಷ್ಟರಲ್ಲಿ ರೇಡಿಯೋ ಸುದ್ದಿ: ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ ಕೊಲೆಗಾರ ಸಾಂತಾಕ್ಲಾಸ್ ವೇಷದಲ್ಲಿ ತಿರುಗ್ತಿದ್ದಾನೆ. ಅವನು ಇವಳ ಮನೆ ಬಾಗಿಲಲ್ಲೇ ಇದ್ದಾನೆ. ಪೊಲೀಸರನ್ನ ಕರೆಯೋಣ ಅಂದ್ರೆ ಮನೆಯಲ್ಲಿ ಹೆಣ! ಬಾಗಿಲು, ಕಿಟಕಿ ಎಲ್ಲಾ ಭದ್ರ ಮಾಡ್ತಾಳೆ. ಕೊನೆಗೆ ಅವನನ್ನ ಒಳಗೆ ಕರ್ಕೊಂಡು ಬರೋದು ಯಾರು? ಸಾಂತಾ ತಾತ ಬಂದ ಅಂತ ಕುಣಿಯೋ ಪುಟ್ಟ ಮಗಳು. ನಗಬೇಕೋ ಕಿರುಚಬೇಕೋ ಗೊತ್ತಾಗಲ್ಲ. ಕಪ್ಪು ಹಾಸ್ಯ ಅಂದ್ರೆ ಇದೇ. ಕೊಲೆಗಾರನಿಗಿಂತ ಮುಂಚೆ ಆ ಮನೆಯೊಳಗೆ ಇನ್ನೊಂದು ಕೊಲೆ ಕೂತಿತ್ತು.

ವಾಲ್ಟರ್ ಹಿಲ್ ಅವರ ಮೊದಲ ಕಂತು ‘ದಿ ಮ್ಯಾನ್ ಹೂ ವಾಸ್ ಡೆತ್’ ನನ್ನ ವೃತ್ತಿಯವರೆಲ್ಲ ನೋಡಬೇಕಾದದ್ದು. ವಿಲಿಯಂ ಸ್ಯಾಡ್ಲರ್ ಜೈಲಿನಲ್ಲಿ ವಿದ್ಯುತ್ ಕುರ್ಚಿಯ ಸ್ವಿಚ್ ಒತ್ತುವವನು. ರಾಜ್ಯ ಮರಣದಂಡನೆ ರದ್ದು ಮಾಡುತ್ತೆ, ಕೆಲಸ ಹೋಗುತ್ತೆ. ಸುಮ್ಮನಿರಲ್ಲ. ಕೋರ್ಟು ಬಿಟ್ಟುಬಿಟ್ಟವರನ್ನ ಹುಡುಕಿ ಹುಡುಕಿ ಕರೆಂಟು ಕೊಟ್ಟು ಕೊಲ್ತಾನೆ. ಉದ್ದಕ್ಕೂ ಕ್ಯಾಮೆರಾ ನೋಡ್ತಾ ನಮ್ಮ ಜೊತೆ ಮಾತಾಡ್ತಾನೆ. ಎಷ್ಟು ಆತ್ಮೀಯ, ಎಷ್ಟು ಖಚಿತ! ಕೋರ್ಟು ಸರಿಯಿಲ್ಲ, ಜನರಿಗೆ ನ್ಯಾಯ ಬೇಕು, ಅದನ್ನ ನಾನು ಕೊಡ್ತೀನಿ ಅನ್ನೋ ಧಾಟಿ. ಅವನು ಸಿಕ್ಕಿಬೀಳೋ ಹೊತ್ತಿಗೆ ರಾಜ್ಯ ಮರಣದಂಡನೆಯನ್ನ ವಾಪಸ್ ತಂದಿರುತ್ತೆ. ಅದೇ ಕುರ್ಚಿ, ಈಗ ಕೂತಿರೋದು ಅವನೇ. ದಿನಾ ರಾತ್ರಿ ಸ್ಟುಡಿಯೋಗಳಲ್ಲಿ ತೀರ್ಪು ಬರೆಯೋ ದೇಶದಲ್ಲಿ ಈ ಕಥೆ ಹಳತಾಗುವುದಾದರೂ ಹೇಗೆ?

ಇಷ್ಟಾದ ಮೇಲೆ ಈ ಸರಣಿಗೆ ಇನ್ನೊಂದು ಗೋರಿ ಕಾದಿತ್ತು. 2005ರಿಂದ 2007ರ ನಡುವೆ ಏಳೂ ಸೀಸನ್ ಡಿವಿಡಿಯಲ್ಲಿ ಬಂದವು. ಆಮೇಲೆ ಓಟಿಟಿ ಯುಗ ಶುರುವಾಯ್ತು. ಜಗತ್ತಿನ ಎಲ್ಲವೂ ಅಲ್ಲಿ ಬಂತು, ಇದು ಮಾತ್ರ ವರ್ಷಾನುಗಟ್ಟಲೆ ಬರಲಿಲ್ಲ. ಕಾಮಿಕ್ಸ್ ಹಕ್ಕು ಒಬ್ಬರದು, ಧಾರಾವಾಹಿಯ ಹಕ್ಕು ಇನ್ನೊಬ್ಬರದು. 2016ರಲ್ಲಿ ಮನೋಜ್ ನೈಟ್ ಶ್ಯಾಮಲನ್ ಇದನ್ನ ಟಿಎನ್‌ಟಿ ಚಾನೆಲ್‌ಗೆ ಹೊಸದಾಗಿ ಮಾಡ್ತಾರೆ ಅಂತ ಘೋಷಣೆ ಆಯ್ತು. ಮರುವರ್ಷ ಹಕ್ಕುಗಳ ಗೋಜಲಿನಲ್ಲೇ ಅದು ನಿಂತುಹೋಯ್ತು. ಸೆನೆಟ್ ಪೂರ್ತಿ ಹೂಳಲಾಗದ್ದನ್ನ ಕರಾರುಪತ್ರಗಳು ಸದ್ದಿಲ್ಲದೆ ಹೂತವು. ಆ ವರ್ಷಗಳಲ್ಲಿ ಸರಣಿಯನ್ನ ಕಾಪಾಡಿದ್ದು ಯಾರದೋ ಕಪಾಟಿನಲ್ಲಿದ್ದ ಪ್ಲಾಸ್ಟಿಕ್ ಡಿಸ್ಕು. ಕೊಂಡ ಡಿಸ್ಕನ್ನ ರಾತ್ರೋರಾತ್ರಿ ಯಾರೂ ಸರ್ವರ್‌ನಿಂದ ಅಳಿಸಲಾರರು. ಮನೆಯ ಹಳೇ ಸಿಡಿ, ಡಿವಿಡಿಗಳನ್ನ ಗುಜರಿಗೆ ಹಾಕೋ ಮುಂಚೆ ಒಮ್ಮೆ ಯೋಚಿಸಿ.

ಗೇನ್ಸ್ 1992ರ ಜೂನ್‌ನಲ್ಲಿ ತೀರಿಕೊಂಡ. ಸರಣಿ ಆಗಿನ್ನೂ ನಡೀತಿತ್ತು. ತನ್ನ ಹೆಣ ಎದ್ದು ಕೂತು ನಗೋದನ್ನ ಅವನು ಕಣ್ಣಾರೆ ನೋಡಿ ಹೋದ. ಅಷ್ಟು ನ್ಯಾಯ ಸಿಕ್ಕಿತು.

ಆದರೆ ಪಾಠ ಕಲಿತವರು ಯಾರು? ಭಯ ಮಾರುವವರಲ್ಲಿ ಎರಡು ಜಾತಿ. ಕ್ರಿಪ್ಟ್ ಕೀಪರ್ ನಕ್ಕು ಹೆದರಿಸ್ತಾನೆ, ಅರ್ಧ ಗಂಟೆಗೆ ಕಥೆ ಮುಗೀತು ಅಂತಾನೆ, ಮುಚ್ಚಳ ಹಾಕ್ಕೋತಾನೆ. ಇನ್ನೊಂದು ಜಾತಿಯವರು ಗಂಭೀರ ಮುಖ ಹೊತ್ತು, ಅಂಕಿಅಂಶ ಹಿಡಿದು, ನಿಮ್ಮ ಮಕ್ಕಳ ಸಲುವಾಗಿ ಅಂತ ಹೆದರಿಸ್ತಾರೆ. ಅವರ ಕಥೆ ಮುಗಿಯೋದೇ ಇಲ್ಲ, ನಾಳೆಯೂ ಬ್ರೇಕಿಂಗ್ ನ್ಯೂಸ್. 1954ರಲ್ಲಿ ಅಮೆರಿಕ ಮೊದಲನೆಯವರನ್ನ ಕಟಕಟೆಯಲ್ಲಿ ನಿಲ್ಲಿಸಿ ಎರಡನೆಯವರಿಗೆ ಚಪ್ಪಾಳೆ ಹೊಡೆಯಿತು.

ಡಿಸ್ಕು ಸಿಕ್ಕರೆ ಆ ಮೊದಲ ಕಂತು ನೋಡಿ. ಸ್ಯಾಡ್ಲರ್ ಕ್ಯಾಮೆರಾ ಕಡೆ ತಿರುಗಿ ಮಾತಾಡೋದನ್ನ ಗಮನಿಸಿ. ಆಮೇಲೆ ರಾತ್ರಿ ಒಂಬತ್ತರ ಚರ್ಚೆಗೆ ಬನ್ನಿ. ಕ್ಯಾಮೆರಾ ನೋಡಿ ಮಾತಾಡೋರನ್ನ, ನನ್ನನ್ನೂ ಸೇರಿಸಿ, ಅದೇ ಕಣ್ಣಲ್ಲಿ ನೋಡಿ.