ಒಂದು ಗಂಟೆಯ ಲೆಕ್ಕ

ಮಗಳು ನ್ಯೂಜೆರ್ಸಿಗೆ ಹೋದ ಮೊದಲ ವರ್ಷ. ಪ್ರತಿ ಭಾನುವಾರ ಸಂಜೆ ಆರೂವರೆಗೆ ಅವಳ ಫೋನು ಬರುತ್ತಿತ್ತು. ನವೆಂಬರಿನ ಮೊದಲ ಭಾನುವಾರ ಮಾತ್ರ ಏಳು ಹೊಡೆದರೂ ಸದ್ದಿಲ್ಲ. ದೇವರಿಗೆ ದೀಪ ಹಚ್ಚಿದೆ, ಹರಕೆಯನ್ನೂ ಹೊತ್ತೆ. ಏಳೂವರೆಗೆ ಫೋನು ಬಂತು. “ನಾ ತಡ ಮಾಡಿಲ್ಲಮ್ಮ, ಇಲ್ಲಿ ಒಂಬತ್ತೇ ಗಂಟೆ. ನಿನ್ನೆ ರಾತ್ರಿ ಗಡಿಯಾರ ಒಂದು ತಾಸು ಹಿಂದಕ್ಕೆ ಇಟ್ಟರು” ಎಂದು ನಕ್ಕಳು.

ಪಕ್ಕದಲ್ಲಿದ್ದ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. “ಯುದ್ಧದ ಕಾಲದಾಗ ನಮ್ಮಲ್ಲೂ ಮಾಡಿದ್ರು ಬಿಡವಾ” ಎಂದರು.

ಹುಡುಕಿ ಓದಿದೆ. ಲಂಡನ್ನಿನಲ್ಲಿ ಮನೆ ಕಟ್ಟಿಸುತ್ತಿದ್ದ ವಿಲಿಯಂ ವಿಲೆಟ್ ಎಂಬಾತ ಬೇಸಿಗೆಯ ಮುಂಜಾನೆ ಕುದುರೆ ಸವಾರಿಗೆ ಹೊರಟರೆ, ಬಿಸಿಲೇರಿದ್ದರೂ ಜನ ಕಿಟಕಿ ಮುಚ್ಚಿ ಮಲಗಿರುತ್ತಿದ್ದರಂತೆ. ಬೆಳಕು ಹಾಳಾಗುತ್ತಿದೆಯೆಂದು 1907ರಲ್ಲಿ ಪುಸ್ತಿಕೆ ಬರೆದ. 1915ರಲ್ಲಿ ತೀರಿಕೊಂಡ. ಮರುವರ್ಷವೇ, ಮೊದಲ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲು ಜರ್ಮನಿ ಗಡಿಯಾರ ಮುಂದೂಡಿತು. ಮೂರು ವಾರದಲ್ಲಿ ಇಂಗ್ಲೆಂಡೂ ಹಿಂಬಾಲಿಸಿತು.

ಅಲ್ಲಿ ಅದಕ್ಕೊಂದು ಅರ್ಥವಿದೆ. ಲಂಡನ್ನಿನ ಬೇಸಿಗೆಯ ಹಗಲು 16 ಗಂಟೆ ಮೀರುತ್ತದೆ, ಚಳಿಗಾಲದ್ದು 8 ಗಂಟೆಯೂ ಇರುವುದಿಲ್ಲ. ನಮ್ಮ ಧಾರವಾಡದಲ್ಲಿ ಈ ವ್ಯತ್ಯಾಸ ಎರಡು ಗಂಟೆಗಿಂತಲೂ ಕಡಿಮೆ. ಆದರೂ ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಬ್ರಿಟಿಷರು ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಬೇಸಿಗೆಗಷ್ಟೇ ಅಲ್ಲ, ವರ್ಷವಿಡೀ.

ಅತ್ತೆ ಆಗ ಧಾರವಾಡದಲ್ಲಿ ಸಾಲೆ ಹುಡುಗಿ. “ಸಾಲಿ ಗಂಟಿ ಹೊಸ ಟೈಮಿಗೆ ಹೊಡೀತಿತ್ತು. ಅವ್ವ ಕತ್ತಲ್ದಾಗ ಎದ್ದು ಒಲಿ ಹಚ್ಚಬೇಕು. ಚಿಮಣಿ ಎಣ್ಣಿಗೂ ತತ್ವಾರ. ಎಮ್ಮಿ ಹಾಲು ಕೊಡಾಕ ಒಲ್ಲೆ ಅಂತಿತ್ತು. ಸರ್ಕಾರದ ಹುಕುಂ ಅದಕ್ಕೇನು ತಿಳೀತದ? ಅಪ್ಪ ಮಾತ್ರ ಬೆಳಕಿರೂದ್ರಾಗ ಮನಿಗೆ ಬಂದು ಕಟ್ಟಿ ಮ್ಯಾಲೆ ಹರಟಿ ಹೊಡೀತಿದ್ದ. ಅಪ್ಪಗ ಸಂಜಿ ಬೆಳಕು ಉಳೀತು, ಅವ್ವಗ ಮುಂಜಾನಿ ಕತ್ತಲಿ ಉಳೀತು.”

ನಾನು ಓದಿದ ಯಾವ ಇತಿಹಾಸದಲ್ಲೂ ಈ ಲೆಕ್ಕ ಸಿಗಲಿಲ್ಲ. ಉಳಿಸಿದ ಕಲ್ಲಿದ್ದಲನ್ನು ತೂಗಿದವರಿದ್ದಾರೆ. ಒಲೆ ಮುಂದೆ ಕಳೆದ ನಿದ್ದೆಯನ್ನು ಯಾರು ತೂಗಿದರು?

ಈಗ ಅತ್ತೆ ಇಲ್ಲ. ಮಾರ್ಚ್ ಮತ್ತು ನವೆಂಬರ್ ಬಂತೆಂದರೆ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತೇನೆ, ಹರಕೆ ಹೊರುವುದಿಲ್ಲ. ಕಳೆದ ನವೆಂಬರಿನಲ್ಲಿ ಮಗಳು ಆಕಳಿಸುತ್ತಲೇ ಮಾತಾಡಿದಳು. “ಆರಕ್ಕೆ ಏಳುತ್ತಿದ್ದ ಮಗು ಇವತ್ತು ಐದಕ್ಕೇ ಎದ್ದು ಕೂತಿದೆ. ಗಡಿಯಾರ ಬದಲಾದದ್ದು ಇದಕ್ಕೇನು ಗೊತ್ತಮ್ಮ?”

ನನಗೆ ಅತ್ತೆಯ ಮನೆಯ ಎಮ್ಮೆ ನೆನಪಾಯಿತು.